ಪೊಲೀಸ್ ಕಾಕಾನ ಜೇಬಿಗೊಂದು ಚಾಕು

ಹೋದ ದೀಪಾವಳಿ ರಜೆಯಲ್ಲಿ ನಮ್ಮ ಕಾಕಾ ನನಗೊಂದು ಕೆಲಸ ಹಚ್ಚಿದ. "ನೀ ಮೆಕ್ಯಾನಿಕಲ್ ಓದಾಕತ್ತೀಯಲ್ಲ, ಡ್ಯೂಟಿಗೆ ಒಯ್ಯಾಕ ನನಗೊಂದು ಮಡಚೋ ಚಾಕು ಆರಿಸಿಕೊಡು. ಸಾವಿರ ರೂಪಾಯಿ ಮ್ಯಾಲೆ ಹೋಗಬಾರದು ನೋಡು" ಅಂದ.

ಕಾಕಾ ಹೆಡ್ ಕಾನ್ಸ್‌ಟೇಬಲ್. ನಾನು ಹುಟ್ಟಿದಾಗಿನಿಂದ ಅವನ ಕೈಯಲ್ಲಿ ಲಾಠಿ ನೋಡಿದ್ದೇನೆ, ಚಾಕು ನೋಡಿಲ್ಲ. "ಚಾಕು ಯಾಕ ಬೇಕು ಕಾಕಾ? ಯಾರರ ಮೈಮ್ಯಾಲೆ ಬಂದ್ರ ಲಾಠಿ ಐತಲ್ಲ?" ಅಂತ ಕೇಳಿದೆ.

"ಮೈಮ್ಯಾಲೆ ಬಂದವ್ರಿಗಲ್ಲಪಾ, ಸಿಕ್ಕೊಂಡವ್ರಿಗೆ" ಅಂದ.

ಆಮೇಲೆ ಕಥೆ ಹೇಳಿದ. ಬೈಪಾಸ್ ಮೇಲೆ ಒಂದು ಕಾರು ಉರುಳಿ ಗಟಾರದಲ್ಲಿ ತಲೆಕೆಳಗಾಗಿ ಬಿದ್ದಿತ್ತಂತೆ. ಡ್ರೈವರ್ ಸೀಟ್ ಬೆಲ್ಟಿನಲ್ಲಿ ಜೋತಾಡುತ್ತಿದ್ದ, ಮೈಭಾರವೆಲ್ಲ ಬೆಲ್ಟಿನ ಮೇಲೆ ಬಿದ್ದು ಬಕಲ್ ಬಿಚ್ಚಲು ಬರಲಿಲ್ಲ. ಅಲ್ಲಿಗೆ ಮೊದಲು ಮುಟ್ಟಿದ್ದು ಕಾಕಾ ಮತ್ತೊಬ್ಬ ಕಾನ್ಸ್‌ಟೇಬಲ್. ಇಬ್ಬರ ಹತ್ತಿರವೂ ಲಾಠಿ, ಶಿಳ್ಳೆ, ಮೊಬೈಲ್ ಇತ್ತು, ಬೆಲ್ಟ್ ಕೊಯ್ಯುವಂಥದ್ದು ಏನೂ ಇರಲಿಲ್ಲ. ಕೊನೆಗೆ ರಸ್ತೆ ಪಕ್ಕದ ಎಳನೀರಿನವನ ಮಚ್ಚು ಇಸಕೊಂಡು ಬಂದು ಬೆಲ್ಟ್ ಕೊಯ್ದರು. ಆ ಮನುಷ್ಯ ಉಳಿದ. ಆದರೆ ಮಚ್ಚು ಜಾರಿ ಅವನ ಭುಜಕ್ಕೆ ಹೊಲಿಗೆ ಬಿತ್ತು. "ಆ್ಯಕ್ಸಿಡೆಂಟಿನ್ಯಾಗ ಆಗದ ಗಾಯ ನನ್ನ ಕೈಲೇ ಆತು" ಅಂತ ಕಾಕಾ ಇವತ್ತಿಗೂ ಹೇಳ್ತಾನೆ.

ಈ ಲೇಖನ ಬರೆಯಲು ಕಾರಣ ಇದೇ. ಪೊಲೀಸರ ಜೇಬಿನಲ್ಲಿ ಒಂದು ಚಾಕು ಇರಬೇಕು ಅಂತ ನನ್ನ ಅಭಿಪ್ರಾಯ. ಆದರೆ ಅದು ಆಯುಧದ ಥರ ಕಾಣಬಾರದು, ಆಯುಧದ ಥರ ಕೆಲಸಕ್ಕೂ ಬರಬಾರದು. (ನಾನು ಒಂದರಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪು ಕಂಡರೆ ಕ್ಲಬ್‌ನವರು ತಿದ್ದಿರುತ್ತಾರೆ, ಉಳಿದದ್ದಕ್ಕೆ ನಾನೇ ಹೊಣೆ.)

ನಮ್ಮ ಊರಲ್ಲಿ ಚಾಕು ಅನ್ನೋ ಪದ ಹೇಳಿದರೆ ಏನು ನೆನಪಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಏಪ್ರಿಲ್ 18, ನಮ್ಮ ಬ್ಯಾಚಿಗೆ ಸಿಇಟಿಯ ಮೊದಲ ದಿನ. ಗಣಿತದ ಪೇಪರ್ ಮುಗಿಸಿ, ಸಿಲಬಸ್ ಹೊರಗಿನ ಪ್ರಶ್ನೆ ಕೊಟ್ಟಾರ ಅಂತ ಬೈಕೊಂಡು ಮನೆಗೆ ಬಂದಿದ್ದೆವು. ಸಂಜೆ ಹೊತ್ತಿಗೆ ಸುದ್ದಿ ಬಂತು: ಹುಬ್ಬಳ್ಳಿಯ ಕಾಲೇಜ್ ಕ್ಯಾಂಪಸ್ಸಿನೊಳಗೇ ಒಬ್ಬ ವಿದ್ಯಾರ್ಥಿನಿಯನ್ನು ಚಾಕುವಿನಿಂದ ಇರಿದು ಕೊಂದಿದ್ದಾರೆ ಅಂತ. ಒಂದು ತಿಂಗಳು ಕಳೆಯುವುದರೊಳಗೆ, ಮೇ 15ರಂದು, ಇದೇ ಊರಲ್ಲಿ ಇನ್ನೊಬ್ಬ ಯುವತಿ ತನ್ನ ಮನೆಯಲ್ಲೇ ಹಾಗೇ ಸತ್ತಳು. ನಾನು ಇಂಜಿನಿಯರಿಂಗ್ ಸೇರುವಾಗ ಅವ್ವ ಕೇಳಿದ ಮೊದಲ ಪ್ರಶ್ನೆ ಫೀ ಬಗ್ಗೆ ಅಲ್ಲ, "ಗೇಟಿನ್ಯಾಗ ಬ್ಯಾಗ್ ಚೆಕ್ ಮಾಡ್ತಾರೇನು?" ಅಂತ.

ಇಂಥ ಊರಲ್ಲಿ ಪೊಲೀಸರ ಜೇಬಿಗೆ ಚಾಕು ಹಾಕುವಾಗ ಯೋಚನೆ ಮಾಡಿ ಹಾಕಬೇಕು. ನಾನು ಮೊದಲು ಯೋಚನೆ ಮಾಡಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆನ್‌ಲೈನ್‌ನಲ್ಲಿ ಹುಡುಕಿ, ಅಮೆರಿಕದವರ ವಿಡಿಯೊ ನೋಡಿ, ಒಂದು ಕಪ್ಪು ಚಾಕು ಆರಿಸಿದೆ. ಸೂಜಿಯಂಥ ಮೊನೆ, ಬಟನ್ ಒತ್ತಿದರೆ ಟಪ್ ಅಂತ ತೆರೆಯುವ ಸ್ಪ್ರಿಂಗ್. ಕಾಕಾಗೆ ಫೋಟೊ ಕಳಿಸಿದೆ. ಅವನ ಉತ್ತರ: "ಇಂಥಾವು ನಮ್ಮ ಸ್ಟೇಷನ್ನಿನ್ಯಾಗ ಬೇಕಾದಷ್ಟದಾವ. ಎಲ್ಲಾದಕ್ಕೂ ಪಂಚನಾಮೆ ಆಗೇತಿ."

ಅಮೆರಿಕದ ಪೊಲೀಸರು ಡ್ಯೂಟಿಯಲ್ಲಿ ಮಡಚುವ ಚಾಕು ಒಯ್ಯುವುದು ಸಾಮಾನ್ಯ. ಅಲ್ಲಿ ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು: ಸೊಂಟದ ಪಿಸ್ತೂಲನ್ನು ಯಾರಾದರೂ ಕಸಿದುಕೊಳ್ಳಲು ಬಂದರೆ ಒಂದು ಕೈಯಿಂದ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ಚಾಕು ತೆಗೆಯುವುದು. ಅದಕ್ಕೇ ಮೊನೆ ಚೂಪು, ಜೇಬಿನ ಅಂಚಿಗೆ ಕ್ಲಿಪ್. ನಮ್ಮ ಬೀಟ್ ಕಾನ್ಸ್‌ಟೇಬಲ್ ಕೈಯಲ್ಲಿ ಇರುವುದು ಸಾಮಾನ್ಯವಾಗಿ ಲಾಠಿ. ಅವರ ಸಮಸ್ಯೆಗೆ ಹುಡುಕಿದ ಉತ್ತರವನ್ನು ನಾವು ಕಾಪಿ ಹೊಡೆದರೆ, ಪಕ್ಕದವನ ಪ್ರಶ್ನೆಪತ್ರಿಕೆಯೇ ಬೇರೆ ಇದ್ದಾಗ ಅವನ ಉತ್ತರ ಬರೆದಂಗೆ ಆಗುತ್ತದೆ.

ಹಾಗಾದರೆ ನಮ್ಮ ಪ್ರಶ್ನೆಪತ್ರಿಕೆ ಏನು? ಕಾಕಾನ ಹತ್ತಿರ ಪಟ್ಟಿ ಮಾಡಿಸಿದೆ. ಸೀಟ್ ಬೆಲ್ಟ್. ಗಾಯಾಳುವಿನ ಬಟ್ಟೆ, ಶೂ ಲೇಸು. ಬಂದೋಬಸ್ತಿನಲ್ಲಿ ಕಟ್ಟಿದ ಹಗ್ಗ, ಗಾಳಿಗೆ ಹರಿದು ರಸ್ತೆಗೆ ಬಿದ್ದ ಬ್ಯಾನರ್. ಕಾರಹುಣ್ಣಿಮೆ ಹೊತ್ತಿಗೆ ಬೈಕಿನವರ ಕುತ್ತಿಗೆಗೆ ಸುತ್ತಿಕೊಳ್ಳುವ ಗಾಳಿಪಟದ ನೈಲಾನ್ ಮಾಂಜಾ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶದಲ್ಲಿ ನಿಷೇಧ ಮಾಡಿದ್ದರೂ ಅದು ಸಿಗುವುದು ನಿಂತಿಲ್ಲ. ಪಟ್ಟಿಯಲ್ಲಿ ಒಂದೇ ಒಂದು ಕೆಲಸಕ್ಕೂ ಚೂಪು ಮೊನೆ ಬೇಕಾಗಿಲ್ಲ. ಎಲ್ಲವೂ ಮನುಷ್ಯನ ಮೈಗೆ ತಾಗಿ ಇರುವ, ಬಿಗಿಯಾದ ಏನನ್ನೋ ಕೊಯ್ಯುವ ಕೆಲಸ. ಅಂದಮೇಲೆ ಮೊನೆ ಇದ್ದಷ್ಟೂ ಅಪಾಯ.

ಅದಕ್ಕೆ ಮೊದಲ ನಿಯಮ: ಮೊನೆ ಮೊಂಡಾಗಿರಬೇಕು. ಕುರಿಯ ಗೊರಸಿನ ಥರ ಇರುವುದಕ್ಕೆ ಇದನ್ನು ಶೀಪ್ಸ್‌ಫೂಟ್ ಬ್ಲೇಡ್ ಅಂತಾರೆ. ಅಲುಗು ನೇರ, ಬೆನ್ನು ಬಾಗಿ ಬಂದು ಅಲುಗನ್ನು ಕೂಡುತ್ತದೆ. ಹಡಗಿನ ನಾವಿಕರು ಹಳೆಯ ಕಾಲದಿಂದ ಬಳಸಿದ್ದು ಇದನ್ನೇ. ಹಡಗು ಅಲ್ಲಾಡುವಾಗ ಹಗ್ಗ ಕೊಯ್ಯಬೇಕು, ಪಕ್ಕದವನಿಗೆ ಚುಚ್ಚಬಾರದು. ತಲೆಕೆಳಗಾದ ಕಾರಿನೊಳಗೂ ಪರಿಸ್ಥಿತಿ ಅದೇ.

ಎರಡನೆಯದು ಲಾಕ್. ಲಾಕ್ ಇಲ್ಲದ ಚಾಕುವಿಗೆ ಹಿಂದಿನಿಂದ ಒತ್ತಡ ಬಿದ್ದರೆ ಅದು ನಿಮ್ಮ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ. ಲೈನರ್ ಲಾಕ್ ಅಂದರೆ ನಾವು ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್‌ನಲ್ಲಿ ಲೆಕ್ಕ ಹಾಕುವ ಕ್ಯಾಂಟಿಲಿವರ್ ಬೀಮೇ. ಹಿಡಿಕೆಯೊಳಗಿನ ತೆಳು ಉಕ್ಕಿನ ಪಟ್ಟಿ ಒಂದು ಕಡೆ ಬಾಗಿಕೊಂಡಿರುತ್ತದೆ, ಬ್ಲೇಡ್ ಪೂರ್ತಿ ತೆರೆದ ಕೂಡಲೇ ಸ್ಪ್ರಿಂಗಿನಂತೆ ಒಳಗೆ ಜಿಗಿದು ಬ್ಲೇಡಿನ ಹಿಂಭಾಗಕ್ಕೆ ಅಡ್ಡ ನಿಲ್ಲುತ್ತದೆ. ಪಟ್ಟಿ ತೀರಾ ತೆಳುವಾಗಿದ್ದರೆ ಜಾರುತ್ತದೆ. ಕೊಂಡ ಮೇಲೆ ತೆರೆದ ಚಾಕುವಿನ ಬೆನ್ನನ್ನು ಕಟ್ಟಿಗೆಯ ಮೇಲೆ ಮೆಲ್ಲಗೆ ತಟ್ಟಿ ನೋಡಿ, ಬೆರಳು ದಾರಿಯಲ್ಲಿ ಇಡಬೇಡಿ. ಮಡಚಿತು ಅಂದರೆ ವಾಪಸ್ ಕಳಿಸಿ.

ಮೂರನೆಯದು ಒಂದೇ ಕೈಯಲ್ಲಿ ತೆರೆಯುವುದು. ಒಂದು ಕೈ ಗಾಯಾಳುವಿನ ತಲೆ ಹಿಡಿದಿರುತ್ತದೆ. ಇದಕ್ಕೆ ಸ್ಪ್ರಿಂಗ್ ಬಟನ್ ಬೇಡ, ಹೆಬ್ಬೆರಳಿನಿಂದ ತಳ್ಳುವ ಗುಬಟೋ ರಂಧ್ರವೋ ಇದ್ದರೆ ಸಾಕು. ಬಟನ್ ಚಾಕು ಜೇಬಿನಲ್ಲೇ ತೆರೆದುಕೊಳ್ಳುವ ಭಯ ಒಂದು, ಕಾನೂನು ಇನ್ನೊಂದು. ದೆಹಲಿಯಲ್ಲಿ 1980ರ ಅಧಿಸೂಚನೆಯಿಂದ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಅಥವಾ ಅದಕ್ಕಿಂತ ದೊಡ್ಡ ಬಟನ್ ಚಾಕುಗಳ ಮೇಲೆ ಆಯುಧ ಕಾಯ್ದೆ ಬೀಳುತ್ತದೆ.

ನಾಲ್ಕನೆಯದು ಉಕ್ಕು. ಇಲ್ಲಿ ನನಗೆ ಮೂರನೇ ಸೆಮ್‌ನ ಲ್ಯಾಬ್ ಉಪಯೋಗಕ್ಕೆ ಬಂತು. ವಜ್ರದ ಶಂಕುವನ್ನು 150 ಕೆಜಿ ಭಾರದಿಂದ ಒತ್ತಿ ರಾಕ್‌ವೆಲ್ ಸಿ ಅಳೆಯುವುದನ್ನು ನಾವೆಲ್ಲ ಮಾಡಿದ್ದೇವೆ, ರೀಡಿಂಗನ್ನು ಪಕ್ಕದ ಬ್ಯಾಚಿನಿಂದ ಇಳಿಸಿಕೊಂಡವರನ್ನು ಬಿಟ್ಟು. ಚಾಕುವಿನ ಜಾಹೀರಾತುಗಳಲ್ಲಿ 60 ದಾಟಿದ ನಂಬರ್ ಕಂಡರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಗಡಸುತನ ಏರಿದಂತೆ ಸಾಮಾನ್ಯವಾಗಿ ಟಫ್‌ನೆಸ್ ಇಳಿಯುತ್ತದೆ, ಅಲುಗು ಚಕ್ಕೆ ಏಳುತ್ತದೆ. ಕಾಕಾನ ಕೆಲಸಕ್ಕೆ 56ರಿಂದ 58 ಸಾಕು. ಮೊಂಡಾದರೆ ಕಾಕೂ ಮನೆಯ ಕಲ್ಲಿನ ಮೇಲೆ ಮಸೆದು ಕೊಡ್ತಾಳೆ. ಅದೇ ರೀತಿ ರಿವ್ಯೂಗಳಲ್ಲಿ ಎಲ್ಲರೂ ಹೊಗಳುವ ಡಿ2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 12 ಪರ್ಸೆಂಟ್ ಇದ್ದರೂ ಇಂಗಾಲ ಸುಮಾರು ಒಂದೂವರೆ ಪರ್ಸೆಂಟ್ ಇದೆ. ಆ ಇಂಗಾಲ ಕ್ರೋಮಿಯಮ್ಮನ್ನು ಹಿಡಿದು ಕಾರ್ಬೈಡ್ ಮಾಡಿಕೊಂಡುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಮ್ಮಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ರೇನ್‌ಕೋಟ್ ಕೆಳಗೆ ಒದ್ದೆ ಪ್ಯಾಂಟಿನ ಜೇಬಿನಲ್ಲಿ ಇರುವ ಚಾಕುವಿಗೆ ಸಾದಾ ಸ್ಟೇನ್‌ಲೆಸ್ಸೇ ಮೇಲು.

ಐದನೆಯದು ಅಳತೆ. ಸೀಟ್ ಬೆಲ್ಟಿನ ಅಗಲ ಐದು ಸೆಂಟಿಮೀಟರ್ ಒಳಗೇ ಇರುತ್ತದೆ. ಏಳೂವರೆ ಸೆಂಟಿಮೀಟರ್ ಬ್ಲೇಡ್ ಧಾರಾಳ ಆಯಿತು. ಅಲುಗು ಅರ್ಧ ನೇರ, ಅರ್ಧ ಗರಗಸದಂತೆ ಇದ್ದರೆ ಒಳ್ಳೆಯದು, ಪಾಲಿಯೆಸ್ಟರ್ ನೂಲನ್ನು ಹಲ್ಲು ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಹಿಡಿಕೆಯ ತುದಿಯಲ್ಲಿ ಗಾಜು ಒಡೆಯುವ ಗಟ್ಟಿ ಮೊನೆ ಇರುವುದೂ ಸಿಗುತ್ತದೆ. ಅದು ಕೆಲಸ ಮಾಡುವುದು ಪಕ್ಕದ ಕಿಟಕಿಯ ಟಫನ್ಡ್ ಗಾಜಿನ ಮೇಲೆ. ಆ ಗಾಜಿನ ಮೇಲ್ಮೈಯನ್ನು ಒತ್ತಡದಲ್ಲಿ ಇಟ್ಟಿರುತ್ತಾರೆ, ಮೂಲೆಗೆ ಒಂದು ಚೂಪು ಪೆಟ್ಟು ಬಿದ್ದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಮುಂದಿನ ವಿಂಡ್‌ಶೀಲ್ಡ್ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು, ಅದಕ್ಕೆ ಎಷ್ಟು ಬಡಿದರೂ ಬಿರುಕು ಬೀಳುತ್ತದೆ, ದಾರಿ ಆಗುವುದಿಲ್ಲ.

ಕೊನೆಯದು ಬಣ್ಣ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಿಡಿಕೆ ಕೇಸರಿ ಮಿಶ್ರಿತ ಕೆಂಪೋ ಹಳದಿಯೋ ಇರಬೇಕು. ವಿಕ್ಟೋರಿನಾಕ್ಸ್ ಕಂಪನಿಯ ರೆಸ್ಕ್ಯೂ ಟೂಲ್ ಅನ್ನುವ ಚಾಕುವಿನ ಹಿಡಿಕೆ ಹಳದಿ, ಕತ್ತಲಲ್ಲಿ ಮಿನುಗುತ್ತದೆ. ಕಾಕಾನ ಬಜೆಟ್ಟಿಗೆ ಅದು ಬಹಳ ದೂರ, ಆದರೆ ಯೋಚನೆ ಸರಿ. ರಾತ್ರಿ ಗಟಾರದ ಹುಲ್ಲಿನಲ್ಲಿ ಬಿದ್ದರೆ ಕಾಣಬೇಕು ಅನ್ನೋದು ಒಂದು ಕಾರಣ. ಇನ್ನೊಂದು, ಕಾರಿನೊಳಗೆ ಸಿಕ್ಕಿಕೊಂಡ ಹುಡುಗಿಯ ಕಡೆಗೆ ಖಾಕಿ ಹಾಕಿದವನೊಬ್ಬ ಚಾಕು ತೆಗೆದುಕೊಂಡು ಬಗ್ಗಿದಾಗ, ಅವಳಿಗೆ ಇನ್ನಷ್ಟು ಹೆದರಿಕೆ ಆಗಬಾರದು. ಈ ಊರಲ್ಲಿ ಆ ಮರ್ಯಾದೆ ಬೇಕು.

ಇದಕ್ಕೆ ನನ್ನ ರೂಮ್‌ಮೇಟ್ ಎರಡು ತಕರಾರು ತೆಗೆದ. ಒಂದು, ಬೆಲ್ಟಿಗೆ ಅಂತಲೇ ಕೊಕ್ಕೆಯಂಥ ಕಟರ್ ಸಿಗುತ್ತದೆ, ಚಾಕು ಯಾಕೆ? ಸರಿಯಾದ ಮಾತು. ಅಲುಗು ಕೊಕ್ಕೆಯ ಒಳಗೆ ಅಡಗಿರುವುದರಿಂದ ಮೈಗೆ ತಾಗುವುದೇ ಇಲ್ಲ. ಬೆಲ್ಟಿಗೆ, ಮಾಂಜಾಕ್ಕೆ ಅದೇ ಒಳ್ಳೆಯದು. ಆದರೆ ದಪ್ಪ ಹಗ್ಗ, ಒದ್ದೆ ಜೀನ್ಸ್, ಬ್ಯಾನರಿನ ಮಡಿಕೆ ಕೊಕ್ಕೆಯೊಳಗೆ ಹೋಗುವುದಿಲ್ಲ. ಒಂದೇ ಕೊಳ್ಳಲು ದುಡ್ಡಿದ್ದರೆ ಕೊಕ್ಕೆ ಕೊಳ್ಳಲಿ, ಎರಡೂ ಕೂಡಿರುವ ಮಡಚುವ ಚಾಕು ಸಿಕ್ಕರೆ ಅದನ್ನು ಕೊಳ್ಳಲಿ.

ಎರಡನೆಯದು, ಗಲಾಟೆಯಲ್ಲಿ ಆ ಚಾಕುವನ್ನೇ ಯಾರೋ ಕಸಿದುಕೊಂಡರೆ? ಇದು ನಿಜವಾದ ಅಪಾಯ. ಗಣೇಶ ವಿಸರ್ಜನೆಯ ಬಂದೋಬಸ್ತಿನ ನೂಕಾಟದಲ್ಲಿ ನಿಂತವರಿಗೆ ಗೊತ್ತು. ಅದಕ್ಕೇ ಕ್ಲಿಪ್ ಹಾಕಿ ಹೊರಗೆ ಕಾಣುವಂತೆ ಇಡಬಾರದು, ಗುಂಡಿ ಹಾಕುವ ಜೇಬಿನೊಳಗೆ ದಾರ ಕಟ್ಟಿ ಇಡಬೇಕು. ಅಷ್ಟಾದ ಮೇಲೂ ಕಸಿದುಕೊಂಡರೆ, ಮೊಂಡು ಮೊನೆಯಿಂದ ಚುಚ್ಚಲು ಬರುವುದಿಲ್ಲ ಅನ್ನೋದೇ ಉಳಿದ ಧೈರ್ಯ.

ಇದನ್ನು ಓದಿ ನೀವ್ಯಾರೂ ಬ್ಯಾಗಿನಲ್ಲಿ ಚಾಕು ಇಟ್ಟುಕೊಂಡು ಕ್ಯಾಂಪಸ್ಸಿಗೆ ಬರಬೇಡಿ ಮತ್ತೆ. ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಬ್ಲೇಡ್ ಅಂತ ಯಾರೋ ವಾದ ಮಾಡಬಹುದು. ನಮಗೆ ಅದರ ಕೆಲಸವೇ ಇಲ್ಲ ಅನ್ನೋದು ಅದಕ್ಕಿಂತ ದೊಡ್ಡ ವಾದ.

ನಮಗೆ ಇರುವ ಕೆಲಸ ಬೇರೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟು ಜನರನ್ನು ತಿಂದಿದೆ ಅಂತ ಇಲ್ಲಿಯವರಿಗೆ ಗೊತ್ತು. 2021ರ ಜನವರಿ 15ರಂದು ಇಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್ ನಜ್ಜುಗುಜ್ಜಾದದ್ದನ್ನು ಯಾರೂ ಮರೆತಿಲ್ಲ. ರಸ್ತೆ ಅಗಲ ಮಾಡುವುದು ನಮ್ಮ ಕೈಲಿಲ್ಲ. ಆದರೆ ಮಿನಿ ಪ್ರಾಜೆಕ್ಟ್ ಅಂತ ವರ್ಷಾವರ್ಷ ಅದೇ ಲೈನ್ ಫಾಲೋವರ್ ರೋಬೋ ಮಾಡುವ ಬದಲು, ವರ್ಕ್‌ಶಾಪಿನಲ್ಲಿ ಒಂದು ಕೊಕ್ಕೆ ಕಟರ್ ಮಾಡಬಹುದು. ಹಿಡಿಕೆ ತ್ರೀಡಿ ಪ್ರಿಂಟ್, ಅಲುಗು ಬದಲಿಸಬಹುದಾದ ಬ್ಲೇಡು. ಹಳೆ ಕಾರಿನ ಬೆಲ್ಟ್ ಗುಜರಿಯಲ್ಲಿ ಸಿಗುತ್ತದೆ, ಯುಟಿಎಂನಲ್ಲಿ ಎಳೆದು ಹಿಡಿದು ಕೊಯ್ದು ನೋಡಬಹುದು. ಚೆನ್ನಾಗಿ ಬಂದರೆ ಹತ್ತಿರದ ಸ್ಟೇಷನ್ನಿಗೆ ಒಯ್ದು ತೋರಿಸೋಣ. ಇಂಥ ಸಾಮಾನು ಇಲಾಖೆಯೇ ಕೊಡಬೇಕು, ಕಾನ್ಸ್‌ಟೇಬಲ್ ತನ್ನ ಜೇಬಿನಿಂದ ಕೊಳ್ಳಬಾರದು ಅನ್ನೋ ಮಾತನ್ನೂ ಆವಾಗಲೇ ಕೇಳಬಹುದು.

ಕಾಕಾಗೆ ಕೊನೆಗೆ ಆರಿಸಿಕೊಟ್ಟದ್ದು ಕೆಂಪು ಹಿಡಿಕೆಯ, ಮೊಂಡು ಮೊನೆಯ, ಹಿಂದೆ ಕೊಕ್ಕೆ ಇರುವ ಒಂದು ಚಾಕು. ಒಂಬೈನೂರಾ ಚಿಲ್ಲರೆ ಆಯಿತು. ನೋಡಿದವನೇ "ಆಟಿಗಿ ಸಾಮಾನು ಇದ್ದಂಗೈತಲ್ಲೋ" ಅಂದ, ಆದರೆ ವಾಪಸ್ ಕೊಡಲಿಲ್ಲ. ಹೋದ ವಾರ ಫೋನ್ ಮಾಡಿದಾಗ ಏನಾದರೂ ಕೆಲಸಕ್ಕೆ ಬಂತಾ ಅಂತ ಕೇಳಿದೆ. ಹುಣಸೆ ಗಿಡದಲ್ಲಿ ಮಾಂಜಾಕ್ಕೆ ಸಿಕ್ಕಿ ಒದ್ದಾಡುತ್ತಿದ್ದ ಕಾಗೆಯೊಂದನ್ನು ಬಿಡಿಸಿದನಂತೆ. ಕಾಗೆ ಹಾರಿ ಹೋಗುವ ಮುಂಚೆ ಕೈ ಕುಕ್ಕಿ ಹೋಯಿತಂತೆ. "ಈ ಸಲ ಗಾಯ ನನಗ ಆತು, ಚೊಲೋನೇ ಆತು" ಅಂದ.