ಇಳೀತೀನಿ ಅನ್ನಾಕೆ ನಾಚ್ಕೆ ಯಾಕ್ರೆವ್ವಾ?

ಹತ್ತು ವರ್ಷದ ಹಿಂದಿನ ಮಾತು. ಕೊಲ್ಲೂರಿಗೆ ಹೋದೋರು ಹಂಗೇ ಕೊಡಚಾದ್ರಿಗೂ ಹೊಂಟ್ವಿ. 1343 ಮೀಟರ್ ಎತ್ತರದ ಗುಡ್ಡ, ದಾರಿ ತುಂಬಾ ಕೆಮ್ಮಣ್ಣು, ಕಲ್ಲು, ಕೊರಕಲು. ದಿನಾ ಹತ್ತಿ ಇಳಿಯೋ ಜೀಪಿನೋರು ಅಲ್ಲೇ ಇದ್ರು. ನಮ್ಮ ಅಳಿಯಂದಿರು ಕೇಳ್ಲಿಲ್ಲ. "ನಂದು ಫೋರ್ ವೀಲ್ ಗಾಡಿ ಅತ್ತೇರೇ, ಏನೂ ಆಗಲ್ಲ" ಅಂದ್ರು.

ಇಳಿಯಾಗ ಬ್ರೇಕ್ ತುಳಿದ್ರೂ ಗಾಡಿ ಜಾರಿ ಜಾರಿ ಅಂಚಿಗೆ ಹೋಗಿ ನಿಂತ್ಕಂತು. ಹಿಂದೆ ಕುಂತಿದ್ದ ನಾವು ನಾಕು ಮಂದಿ ಹೆಂಗಸ್ರು ಜೀವ ಕೈಯಾಗ ಹಿಡ್ಕಂಡ್ರೂ ಒಬ್ರೂ ಬಾಯಿ ಬಿಡ್ಲಿಲ್ಲ. ಯಾಕೆ? ಅಳಿಯನ ಮರ್ಯಾದೆ!

ಬೆಂಕಿ ಹಚ್ರಿ ಆ ಮರ್ಯಾದೆಗೆ. ನಾಕೂ ಗಾಲಿಗೆ ಎಂಜಿನ್ ಬಲ ಬಂದ್ರೆ ಹತ್ತಾಕೆ ಅನುಕೂಲ, ನಿಜ. ನಿಲ್ಲಾಕೆ? ಬ್ರೇಕು ಎಲ್ಲಾ ಕಾರಿಗೂ ನಾಕು ಗಾಲಿಗೇ ಇರ್ತಾವೆ. ಮಳೆ ಬಿದ್ದ ಎರೆ ಹೊಲದಾಗ ಟ್ರ್ಯಾಕ್ಟರೇ ಹೂತು ಕುಂದ್ರೋದು ನಾವು ನೋಡಿಲ್ಲೇನು? ಇಳಿಜಾರಿನಾಗ ಸಣ್ಣ ಗೇರಿನಾಗೇ ನಿಧಾನ ಇಳೀಬೇಕು. ಒಂದೇ ಸಮ ಬ್ರೇಕ್ ತುಳಿದ್ರೆ ಅದು ಕಾದು ಹಿಡಿಯಂಗಿಲ್ಲ. ಇಕ್ಕಟ್ಟು ದಾರ್ಯಾಗ ಇಳಿಯೋರೇ ಹತ್ತೋರಿಗೆ ದಾರಿ ಬಿಡಬೇಕು, ಕಾನೂನೇ ಐತೆ. ಇದೆಲ್ಲಾ ಗಾಡಿ ಕೊಂಡ ಕೂಡ್ಲೇ ಬರಲ್ಲ.

ನಮ್ಮ ಅವ್ವಂದಿರು ದಿಬ್ಬ ಬಂದ್ರೆ ಬಂಡಿ ಇಳಿದು ನಡೀತಿದ್ರು. ಬಂಡಿ ಹೊಡೆಯೋರಿಗೆ ಅದೇನು ಅವಮಾನ ಆಗ್ತಿರ್ಲಿಲ್ಲ. ನೀವೂ "ನಿಲ್ಸ್ರಿ, ನಾ ಇಳೀತೀನಿ" ಅನ್ರೆವ್ವಾ. ಅಳಿಯನ ಸಿಟ್ಟು ಒಂದು ಹೋಳಿಗೆ ಊಟಕ್ಕೆ ಇಳೀತೈತೆ. ಗಾಡಿ ಕಣಿವೆಗೆ ಇಳಿದ್ರೆ ಯಾರನ್ನ ಕೇಳಾನ?