ಕಡ್ಡಾಯವೂ ಒಪ್ಪಿಗೆಯೂ

ವಿಶ್ವವಿದ್ಯಾಲಯದ ಕಚೇರಿಯ ಕಿಟಕಿಯ ಮುಂದೆ ಸಾಲುಗಟ್ಟಿ ನಿಲ್ಲುವುದು ಒಂದು ಕಾಲಕ್ಕೆ ವಿದ್ಯಾರ್ಥಿಜೀವನದ ಅನಿವಾರ್ಯ ಅಂಗವಾಗಿತ್ತು. ಶುಲ್ಕ, ಹಾಜರಾತಿ, ಪರೀಕ್ಷಾ ಪ್ರವೇಶಪತ್ರ, ಫಲಿತಾಂಶ ಮೊದಲಾದುವೆಲ್ಲ ಇಂದು ಮೊಬೈಲ್ ಆ್ಯಪ್‌ಗಳಲ್ಲಿ ಅಡಕವಾಗುತ್ತಿವೆ. ಆದರೆ ಆ್ಯಪ್ ಸಿದ್ಧವಾದ ಮಾತ್ರಕ್ಕೆ ವಿದ್ಯಾರ್ಥಿಗಳು ಅದನ್ನು ಮನಸಾರೆ ಸ್ವೀಕರಿಸುವರೆಂದು ಭಾವಿಸುವುದು ಭ್ರಮೆಯಾದೀತು.

ಹೊಸ ತಂತ್ರಜ್ಞಾನವನ್ನು ಜನರು ಒಪ್ಪುವುದೇಕೆ ಎಂಬ ಪ್ರಶ್ನೆಗೆ ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಮುಖ್ಯ ಕಾರಣಗಳನ್ನು ಮುಂದಿಟ್ಟರು: ಅದರಿಂದ ಪ್ರಯೋಜನವಿದೆಯೆಂಬ ನಂಬಿಕೆ, ಅದರ ಬಳಕೆ ಸುಲಭವೆಂಬ ನಂಬಿಕೆ. 2003ರಲ್ಲಿ ವಿಶ್ವನಾಥ್ ವೆಂಕಟೇಶ್, ಡೇವಿಸ್ ಮತ್ತು ಅವರ ಸಂಗಡಿಗರು ಮಂಡಿಸಿದ ವಿಸ್ತೃತ ಸಿದ್ಧಾಂತದಲ್ಲಿ ಸುತ್ತಲಿನವರ ಪ್ರಭಾವಕ್ಕೂ ನೆರವಿನ ವ್ಯವಸ್ಥೆಗೂ ಸ್ಥಾನ ದೊರೆಯಿತು.

ಈ ನಾಲ್ಕನ್ನೂ ಕಾಲೇಜಿನ ಅಂಗಳದಲ್ಲಿಟ್ಟು ನೋಡಬೇಕು. ಪರೀಕ್ಷೆಯ ವೇಳಾಪಟ್ಟಿ ಸೂಚನಾಫಲಕಕ್ಕಿಂತ ಮೊದಲೇ ಆ್ಯಪ್‌ನಲ್ಲಿ ದೊರೆತರೆ ಅದರ ಪ್ರಯೋಜನವನ್ನು ಯಾರೂ ಬೋಧಿಸಬೇಕಾಗಿಲ್ಲ. ಹಳೆಯ ಸೂಚನೆಗಳೇ ಅಲ್ಲಿ ಕೊಳೆಯುತ್ತಿದ್ದರೆ ಎಷ್ಟು ಬೋಧಿಸಿದರೂ ಫಲವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಇಂಗ್ಲಿಷಿನಲ್ಲಿ ಮಾತ್ರ ಇರುವ ಆ್ಯಪ್ ಸುಲಭವೆನಿಸದು. ಅಧ್ಯಾಪಕರ ಆದೇಶಕ್ಕಿಂತ ಪಕ್ಕದಲ್ಲಿ ಕುಳಿತ ಗೆಳೆಯನ ಅನುಭವವೇ ಎಷ್ಟೋ ವೇಳೆ ಹೆಚ್ಚು ಮನವೊಲಿಸುತ್ತದೆ. ಮನೆಗೆಲ್ಲ ಒಂದೇ ಫೋನ್ ಇರುವ ವಿದ್ಯಾರ್ಥಿನಿಗೆ, ನೆಟ್‌ವರ್ಕ್ ಸಿಗದ ಹಳ್ಳಿಯವನಿಗೆ, ಉಳಿದ ಮೂರೂ ಅನುಕೂಲಗಳಿದ್ದರೂ ಬಾಗಿಲು ಮುಚ್ಚಿದಂತೆಯೇ.

ಈ ತೊಡಕುಗಳನ್ನು ಪರಿಹರಿಸುವ ಶ್ರಮಕ್ಕಿಂತ 'ಕಡ್ಡಾಯ' ಎಂದು ಸುತ್ತೋಲೆ ಹೊರಡಿಸುವುದು ಸುಲಭ. ಆಗ ಬಳಸುವವರ ಸಂಖ್ಯೆ ಏರುತ್ತದೆ, ನಿಜ. ಆದರೆ ಅದು ವಿಧೇಯತೆಯ ಲೆಕ್ಕವೇ ಹೊರತು ಒಪ್ಪಿಗೆಯ ಲೆಕ್ಕವಲ್ಲ. ಇದಲ್ಲದೆ, ಆ್ಯಪ್ ವಿದ್ಯಾರ್ಥಿಯ ವಿಳಾಸವನ್ನೂ ಓಡಾಟವನ್ನೂ ಕೇಳುವಾಗ ನಂಬಿಕೆಯ ಪ್ರಶ್ನೆಯೂ ಏಳುತ್ತದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸಮ್ಮತಿ ಮುಕ್ತವಾಗಿರಬೇಕು, ಅರಿತು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಯಾವ ಮಾಹಿತಿ ಏತಕ್ಕಾಗಿ ಬೇಕೆಂಬುದನ್ನು ತಿಳಿಯಾದ ಕನ್ನಡದಲ್ಲಿ ಹೇಳುವ ಸಂಸ್ಥೆ ವಿದ್ಯಾರ್ಥಿಯ ವಿಶ್ವಾಸವನ್ನು ಗಳಿಸೀತು.

ಆದುದರಿಂದ ಆ್ಯಪ್ ಬರಲಿ. ಅದು ಕನ್ನಡದಲ್ಲಿಯೂ ಇರಲಿ. ವರ್ಷಾರಂಭದ ಮೊದಲ ವಾರದಲ್ಲಿಯೇ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಅದರ ಬಳಕೆಯನ್ನು ಕಲಿಸಲಿ. ಫೋನಿಲ್ಲದವನಿಗಾಗಿ ಕಚೇರಿಯ ಹಳೆಯ ಕಿಟಕಿಯೂ ತೆರೆದಿರಲಿ. ದಾಸೋಹದ ಪಂಕ್ತಿಯಲ್ಲಿ ಬಂದವರ ಕೈಯಲ್ಲಿ ಏನಿದೆಯೆಂದು ಕೇಳುವ ಪದ್ಧತಿಯಿಲ್ಲ. ವಿದ್ಯೆಯ ಪಂಕ್ತಿಯಲ್ಲಿಯೂ ಅದು ಬೇಡ.