ಬಾಸ್ ಬೇಕೆಂದು ವಾಲ್ಯೂಮ್ ಏರಿಸುವ ಮೊದಲು

ರಾಬರ್ಟ್‌ಸನ್‌ಪೇಟೆಯ ಹಿರಿಯರಿಗೆ ತಗ್ಗು ದನಿಯ ಪರಿಚಯ ಹೊಸತಲ್ಲ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೆ ಮೊದಲು, ಮೂರು ಕಿಲೋಮೀಟರ್ ಆಳದವರೆಗೂ ಇಳಿದಿದ್ದ ಸುರಂಗಗಳಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳೂ ನಡುಗುತ್ತಿದ್ದವು. ಅಂಥ ದನಿಯನ್ನು ಕಿವಿಯಷ್ಟೇ ಅಲ್ಲ, ಪಾದವೂ ಎದೆಯೂ ಕೇಳಿಸಿಕೊಳ್ಳುತ್ತವೆ.

ಹೆಡ್‌ಫೋನಿನ ತೊಡಕು ಇಲ್ಲಿಯೇ ಇದೆ. ಎಷ್ಟೇ ದುಬಾರಿಯಾದರೂ ಅದು ಎದೆ ನಡುಗಿಸಲಾರದು. 'ಕೆಜಿಎಫ್' (2018) ಚಿತ್ರಕ್ಕೆ ರವಿ ಬಸ್ರೂರು ನೀಡಿದ ಅಬ್ಬರದ ಹಿನ್ನೆಲೆ ಸಂಗೀತವನ್ನು ಕೇಳುವ ಹುಡುಗರು ಆ ಕೊರತೆ ತುಂಬಲು ವಾಲ್ಯೂಮ್ ಏರಿಸುತ್ತಾರೆ.

ಬೇರೆ ದಾರಿಗಳಿವೆ. ಮೊದಲು ಕಿವಿಯ ಮೆತ್ತೆ ನೋಡಿ. ಕನ್ನಡಕದ ಕಡ್ಡಿಯೋ ಕೂದಲೋ ಅಡ್ಡ ಬಂದು ಸಂದಿಯಾದರೆ ಬಾಸ್ ಸೋರಿಹೋಗುತ್ತದೆ. ಸವೆದ ಮೆತ್ತೆಯನ್ನು ಬದಲಿಸಿ. ಈಕ್ವಲೈಸರ್‌ನಲ್ಲಿ ಬಾಸ್ ಏರಿಸಹೋದರೆ ದನಿ ಒಡೆದೀತು. ಬದಲಿಗೆ 200 ಹರ್ಟ್ಸ್ ಆಸುಪಾಸಿನಲ್ಲಿ ಎರಡು ಮೂರು ಡೆಸಿಬಲ್ ಇಳಿಸಿ. ಗಾಯಕರ ಕಂಠದ ಮೇಲಿನ ಮುಸುಕು ಸರಿಯುತ್ತದೆ, ಬಾಸ್ ಕೂಡ ಬಿಗಿಯಾಗುತ್ತದೆ. 250–300 ಓಮ್‌ನ ಹೆಡ್‌ಫೋನಾದರೆ ಮೊಬೈಲ್‌ನ ಶಕ್ತಿ ಸಾಮಾನ್ಯವಾಗಿ ಸಾಲದು; ಪುಟ್ಟ ಆಂಪ್ಲಿಫೈಯರ್ ಬೇಕಾಗುತ್ತದೆ.

ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ದನಿ ಮೂರು ಡೆಸಿಬಲ್ ಏರಿದರೆ ಅವಧಿ ಅರ್ಧಕ್ಕಿಳಿಯುತ್ತದೆ. ಮೆತ್ತೆ ಹಾಳಾದರೆ ಹೊಸದನ್ನು ಕೊಳ್ಳಬಹುದು. ಒಳಗಿವಿಯಲ್ಲಿ ದನಿ ಹಿಡಿಯುವ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.